ಇಳಿಜಾರಿನಲ್ಲಿ ಉಳಿಸಿದ ಪೆಟ್ರೋಲು

ಇದನ್ನು ಹೇಳಬೇಕೆಂದುಕೊಂಡು ಪ್ರತಿ ಸಲವೂ ಮುಂದೂಡಿದ್ದೇನೆ. ಮುಂದೂಡುವುದಕ್ಕೆ ಪೆಟ್ರೋಲು ಖರ್ಚಾಗುವುದಿಲ್ಲ ನೋಡಿ.

ನಿವೃತ್ತಿಯಾದ ಮೇಲೆ ಕೊಳ್ಳೇಗಾಲದಲ್ಲಿ ಒಂದು ಹಳೆಯ ಕಾರು ಕೊಂಡೆ. ಕೊಂಡದ್ದು ಬೀದಿಯವರು ನೋಡಲೆಂದು. ಓಡಿಸಲು ಮನಸ್ಸು ಬರುತ್ತಿರಲಿಲ್ಲ. ಅದನ್ನು ತೊಳೆದು ಮನೆಯ ಮುಂದೆ ನಿಲ್ಲಿಸಿ, ನಾನು ಯಳಂದೂರಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಹೆಂಡತಿ ಬಿಡದೆ ಕೇಳಿದ್ದರಿಂದ ಕಾರಿಗೆ ಪೂಜೆ ಮಾಡಿಸಲು ಮಾದಪ್ಪನ ಬೆಟ್ಟಕ್ಕೆ ಹೊರಟೆವು. ಪೂಜೆ ಮುಗಿಸಿ ಇಳಿಯುವಾಗ ಘಾಟಿಯಲ್ಲಿ ಎಂಜಿನ್ ಆಫ್ ಮಾಡಿ ನ್ಯೂಟ್ರಲ್ಲಿಗೆ ಹಾಕಿದೆ.

“ಸದ್ದೇ ಇಲ್ವಲ್ರೀ, ಕೆಟ್ಟೋಯ್ತಾ?” ಎಂದಳು.

“ಗಾಡಿ ತಾನೇ ಇಳೀತಾ ಅದೆ. ಪೆಟ್ರೋಲ್ ಯಾಕ್ ಸುಡ್ಬೇಕು? ಸುಮ್ಕಿರು.”

ಎಂಜಿನ್ ನಿಂತರೆ ಬ್ರೇಕು ಕಲ್ಲಿನಂತಾಗುತ್ತದೆ ಎಂದು ಮುಂದಿನ ತಿರುವಿನಲ್ಲಿ ತಿಳಿಯಿತು. ಕಾರು ತಡೆಗೋಡೆಗೆ ಬಡಿದು ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಅವಳ ಚೀಲದಲ್ಲಿ ಒಡೆಸದೆ ಉಳಿದಿದ್ದ ತೆಂಗಿನಕಾಯಿಯೊಂದು ಉರುಳಿ ನನ್ನ ಕಾಲ ಬಳಿ ಬಂದಿತ್ತು.

ಹನೂರಿನಿಂದ ಓಡಿಬಂದ ಭಾವಮೈದ ಏನಾಯಿತೆಂದು ಕೇಳಿದಾಗ ಆ ಕಾಯಿ ತೋರಿಸಿ, “ಬ್ರೇಕಿನಡೀಕೆ ಸಿಕ್ಕಂಡ್ಬುಡ್ತು” ಎಂದೆ.

“ಚೀಲವ ಇಂದ್ಗಡೆ ಇಡಕಾಗ್ನಿಲ್ವಾ ಅಕ್ಕ ನಿಂಗೆ? ಭಾವನ್ನ ಸಾಯಿಸ್ಬುಡ್ತಿದ್ದೆ” ಎಂದು ಅವನು ಗದರಿದ.

ನೆಂಟರೆಲ್ಲ ಅದನ್ನೇ ಹಾಡಿದರು. ಕೊನೆಗೆ ಅವಳೂ ನಂಬಿದಳು. “ತಪ್ಪಾಯ್ತು ಕಣ್ರೀ, ಮನಸ್ನಲ್ಲಿ ಮಡಿಕಬ್ಯಾಡಿ” ಎಂದು ಅತ್ತಳು. ನಾನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ. ಈಗಲೂ ಕಾರು ಹತ್ತಿದರೆ ಕೈಚೀಲವನ್ನು ಮಡಿಲಲ್ಲಿ ಅವುಚಿಕೊಂಡೇ ಕೂರುತ್ತಾಳೆ. ನಾನು ಕ್ಷಮೆ ಕೇಳದೆ ಉಳಿದಿರುವುದು ಅವಳನ್ನೇ, ನನ್ನ ಹೆಂಡತಿಯನ್ನು.