ಹಸಿರು ಕಾರಿಗೆ ಜೇಡಿಮಣ್ಣು

ಗಾಡಿಯ ಪೇಂಟು ಕ್ಲೀನಾಗಿದೆಯೋ ಇಲ್ಲವೋ ತಿಳಿಯಬೇಕೆಂದರೆ ಕಣ್ಣನ್ನು ನಂಬಬಾರದು. ತೊಳೆದು ಒರೆಸಿದ ಮೇಲೆ ಒಂದು ತೆಳು ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿಕೊಂಡು ಬಾನೆಟ್ ಮೇಲೆ ಮೆಲ್ಲಗೆ ಆಡಿಸಬೇಕು. ಬರಿಗೈಗೆ ನುಣುಪು ಅನಿಸಿದ್ದೆಲ್ಲ ಆಗ ರವೆ ಚೆಲ್ಲಿದ ಹಾಗೆ ತರಿತರಿಯಾಗಿ ಸಿಗುತ್ತದೆ. ಇದನ್ನು ನಾನು ಫೋನಿನಲ್ಲಿ ವಿಡಿಯೋ ನೋಡಿ ಕಲಿತೆ, ದುರ್ಗಿಗುಡಿಯ ನಮ್ಮ ಮನೆ ಮುಂದೆ ನನ್ನ ಸ್ಕೂಟರಿನ ಮೇಲೆ ಪ್ರಯೋಗ ಮಾಡಿದೆ, ಆಮೇಲೆ ಮೂರು ದಿನ ಆಫೀಸಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಅದೇ ಕಥೆ ಹೇಳಿದೆ. ಐವತ್ತು ದಾಟಿದ ಹೆಂಗಸಿಗೆ ಇದೇನು ಹುಚ್ಚು ಅಂತ ಅಂದುಕೊಂಡಿರಬೇಕು. ಅಂದುಕೊಳ್ಳಲಿ, ನನಗೇನು!

ಆ ಹುಚ್ಚು ಏರಿದ್ದ ವಾರವೇ ಭದ್ರಾವತಿಯಿಂದ ಅಕ್ಕನ ಫೋನು ಬಂತು.

"ಸೋಮವಾರ ಕಾರನ್ನ ಪೇಂಟಿಂಗಿಗೆ ಕೊಡ್ತಾರಂತೆ ಕಣೇ. ಬಿಳಿ ಹೊಡೆಸ್ತಾರಂತೆ," ಅಂದಳು. ಅಷ್ಟೇ. ಅಕ್ಕ ಯಾವತ್ತೂ ಅಷ್ಟೇ ಹೇಳುವವಳು, ಉಳಿದದ್ದನ್ನು ನಾವು ತುಂಬಿಕೊಳ್ಳಬೇಕು.

ತುಂಬಿಕೊಳ್ಳುವುದು ನನಗೆ ಕಷ್ಟವಿರಲಿಲ್ಲ. ಆ ಮನೆಯಲ್ಲಿ ಗೋಡೆಯ ಬಣ್ಣ ಭಾವನ ಆಯ್ಕೆ, ಸೋಫಾ ಭಾವನ ಆಯ್ಕೆ, ಮಗಳು ಯಾವ ಕಾಲೇಜಿಗೆ ಹೋಗಬೇಕು ಅನ್ನುವುದೂ ಅವರದ್ದೇ. ಕೆಟ್ಟ ಮನುಷ್ಯರಲ್ಲ, ಇನ್ನೊಬ್ಬರನ್ನು ಕೇಳಬೇಕು ಅನ್ನುವುದು ಅವರ ತಲೆಗೆ ಹೊಳೆಯುವುದೇ ಇಲ್ಲ. ಕಾರು ಕೊಂಡ ದಿನ ಮಾತ್ರ ಶೋರೂಮಿನವನು ಅಕ್ಕನ ಕಡೆ ತಿರುಗಿ, "ಕಲರ್ ಯಾವುದು ಮೇಡಂ?" ಅಂತ ಕೇಳಿಬಿಟ್ಟ. ಅಕ್ಕ "ಹಸಿರು" ಅಂದಳು. ಬಾಳೆಯ ಸುಳಿಯೆಲೆಯಂಥ ಎಳೆಹಸಿರು. ಭಾವ ಬಾಯಿ ತೆರೆಯುವಷ್ಟರಲ್ಲಿ ಅವನು ಬರೆದುಕೊಂಡಾಗಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಅವಳದ್ದು ಅಂತ ಇದ್ದ ಆಯ್ಕೆ ಅದೊಂದೇ. ಅದನ್ನೂ ಬಿಳಿ ಮಾಡುತ್ತಾರಂತೆ! ನನಗೆ ಮೈಯೆಲ್ಲ ಉರಿದುಹೋಯಿತು.

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟೆ. ಬ್ಯಾಗಿನಲ್ಲಿ ಪೇಂಟಿಗೆ ಕಚ್ಚಿದ ತರಿಯನ್ನು ಎತ್ತಿ ತೆಗೆಯುವ, ಸೋಪಿನ ಗಾತ್ರದ ನೀಲಿ ಕ್ಲೇ ಬಾರ್, ಒಂದು ಡಬ್ಬಿ ವ್ಯಾಕ್ಸ್, ನಾಲ್ಕು ಮೆತ್ತನೆಯ ಬಟ್ಟೆ. ಮಲವಗೊಪ್ಪ ದಾಟುವ ಹೊತ್ತಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ಬಸ್ಸಿಗಿಂತ ಮುಂದೆ ನಾನೇ ಓಡುತ್ತಿದ್ದೆ.

ಭಾವ ಅಂಗಳದಲ್ಲೇ ಇದ್ದರು. "ಪೇಂಟ್ ಸತ್ತೋಗಿದೆ ಮಾರಾಯ್ತಿ. ಮುಟ್ಟಿ ನೋಡು, ಎಮರಿ ಪೇಪರ್ ಇದ್ದಂಗಿದೆ."

"ಸತ್ತಿಲ್ಲ ಭಾವ. ನಿಮ್ಮ ಶಾಪಿನ ಕಬ್ಬಿಣ ಅದರ ಮೈಮೇಲೆ ಕೂತಿದೆ," ಅಂದೆ.

ಭಾವನದ್ದು ಕಿಟಕಿ, ಗೇಟು ಮಾಡುವ ಗ್ರಿಲ್ ಶಾಪು. ಇಷ್ಟು ವರ್ಷವೂ ಕಾರು ನಿಂತದ್ದು ಆ ಶಾಪಿನ ಬಾಗಿಲಲ್ಲೇ. ಕಬ್ಬಿಣ ಕತ್ತರಿಸುವಾಗ ಹಾರಿದ ಬಿಸಿ ಹುಡಿಯೆಲ್ಲ ಪೇಂಟಿಗೆ ಕಚ್ಚಿಕೊಂಡಿತ್ತು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರಲ್ಲ, ಇಲ್ಲಿ ಮಾಡಿದವರು ಭಾವ, ಉಣ್ಣುತ್ತಿದ್ದದ್ದು ಅಕ್ಕನ ಕಾರು. ಇದನ್ನೂ ಬಾಯಿಬಿಟ್ಟು ಹೇಳಿ, ಕಾರನ್ನು ಇವತ್ತೇ ನುಣ್ಣಗೆ ಮಾಡಿಕೊಡುತ್ತೇನೆ ಅಂದೆ. ಭಾವ ನಕ್ಕುಬಿಟ್ಟರು. "ಆಯ್ತು, ಸಂಜೆ ಒಳಗೆ ನುಣ್ಣಗಾಗಿ ಚೆನ್ನಾಗಿ ಕಂಡ್ರೆ ಪೇಂಟಿಂಗ್ ಕ್ಯಾನ್ಸಲ್," ಅಂತ ಹೇಳಿ ಶಾಪಿಗೆ ಹೋದರು.

ನಾನೂ ಅಕ್ಕನೂ ಸೇರಿ ಕಾರು ತೊಳೆದು ನೆರಳಿಗೆ ತಂದೆವು. ನಾನು ಕ್ಲೇ ಬಾರನ್ನು ಎರಡು ತುಂಡು ಮಾಡಿ ಒಂದನ್ನು ಅಕ್ಕನ ಕೈಗಿಟ್ಟೆ.

"ಏನೇ ಇದು?"

"ಜೇಡಿಮಣ್ಣು," ಅಂದೆ, ದೊಡ್ಡ ಪಂಡಿತೆಯ ಹಾಗೆ. ಅದು ಮಣ್ಣಲ್ಲ, ಮಣ್ಣಿನ ಹಾಗೆ ಮೆತ್ತಗಿರುವ ಒಂದು ಅಂಟು ಪದಾರ್ಥ. ಆದರೆ ಅಷ್ಟೆಲ್ಲ ವಿವರಿಸುವ ತಾಳ್ಮೆ ಯಾರಿಗಿತ್ತು!

ಅಕ್ಕ ಅದನ್ನು ರೊಟ್ಟಿ ಹಿಟ್ಟಿನ ಹಾಗೆ ನಾದಿ, ತಟ್ಟಿ, ಅಂಗೈಯಗಲ ಮಾಡಿಕೊಂಡಳು. ಶಾಂಪೂ ನೀರು ಚಿಮುಕಿಸಿ, ಒತ್ತದೆ, ಉದ್ದಕ್ಕೆ ಜಾರಿಸಬೇಕು. ಮೊದಲು ಚರಚರ ಸದ್ದು. ಎಂಟು ಹತ್ತು ಸಲ ಹೋಗಿಬಂದ ಮೇಲೆ ಸದ್ದು ಸಣ್ಣಗಾಗುತ್ತಾ ನಿಂತೇಹೋಯಿತು. ತುಂಡನ್ನು ತಿರುಗಿಸಿ ನೋಡಿದರೆ ನೀಲಿಯ ಮೇಲೆಲ್ಲ ಕಂದು ಚುಕ್ಕೆ!

"ಬಂತು ಕಣೇ, ಬಂತು!" ಅಂತ ಅಕ್ಕ ಕೂಗಿದಳು. ಅಕ್ಕ ಕೂಗಿದ್ದನ್ನು ನಾನು ಕೇಳಿ ಎಷ್ಟು ವರ್ಷವಾಗಿತ್ತೋ. ನನಗೆ ಕುಣಿಯುವುದೊಂದು ಬಾಕಿ. ಒರೆಸಿದ ಜಾಗದಲ್ಲಿ ಆ ಎಳೆಹಸಿರು ಮಿಂದು ಬಂದ ಹಾಗೆ ಕಾಣುತ್ತಿತ್ತು. ತುಂಡನ್ನು ಮಡಚಿ ಹೊಸ ಮುಖ ತೆಗೆದುಕೊಂಡು ಬಾಗಿಲು, ಡಿಕ್ಕಿ, ಟಾಪು ಎಲ್ಲ ಮುಗಿಸಿದೆವು. ಅರ್ಧ ಬಾನೆಟ್ ಉಳಿದಿತ್ತು.

ನಾನು ನೀರು ತರಲು ಒಳಗೆ ಹೋಗಿದ್ದೆ. ವಾಪಸ್ ಬಂದಾಗ ಅಕ್ಕನ ಕೈಯ ಕೆಳಗಿನಿಂದ ಬೇರೆಯೇ ಸದ್ದು. ನೋಡಿದರೆ ಬಾನೆಟ್ಟಿನ ನಟ್ಟನಡುವೆ ಗೇಣುದ್ದದ ಗೀರು.

"ಕೆಳಗೆ ಬಿದ್ದಿತ್ತು, ಎತ್ತಿ ತೊಳ್ಕೊಂಡೆ," ಅಂದಳು. "ಮಣ್ಣು ಮಣ್ಣಿಗೆ ಬಿದ್ರೆ ಏನಾಗುತ್ತೆ?"

ನೆಲಕ್ಕೆ ಬಿದ್ದ ತುಂಡನ್ನು ಎಸೆದೇಬಿಡಬೇಕು, ಪೇಂಟು ಗೀರಲು ಅದರಲ್ಲಿ ಹೂತ ಒಂದು ಮರಳಿನ ಹರಳು ಸಾಕು. ಇದನ್ನು ನಾನು ಅವಳಿಗೆ ಹೇಳಿರಲೇ ಇಲ್ಲ. ಆದರೂ ಬೈದೆ, ಬಾಯಿಗೆ ಬಂದ ಹಾಗೆ ಬೈದೆ. ಅಕ್ಕ ಬಟ್ಟೆ ತೆಗೆದುಕೊಂಡು ಆ ಗೀರನ್ನೇ ಒರೆಸತೊಡಗಿದಳು. ಆಗ ನನಗೆ ನಾಚಿಕೆಯಾಯಿತು. ಮಣ್ಣು ಅಂದವಳು ನಾನು, ಅವಳು ಆ ಮಾತನ್ನು ನಂಬಿದ್ದಳು. "ತಪ್ಪು ನಂದು ಅಕ್ಕ," ಅಂತ ಹೇಳಿದೆ. ಉಳಿದ ತುಂಡಿನಿಂದ ಬಾನೆಟ್ ಮುಗಿಸಿ ವ್ಯಾಕ್ಸ್ ಹಚ್ಚಿದೆವು. ಕಾರು ಮಿರಿಮಿರಿ ಮಿಂಚಿತು, ಗೀರೂ ಅದರ ಜೊತೆ ಎದ್ದು ಕಂಡಿತು.

ಐದು ಗಂಟೆಗೆ ಭಾವ ಬಂದರು. ನಾನು ಪ್ಲಾಸ್ಟಿಕ್ ಕವರು ಕೊಟ್ಟೆ. ಕೈ ತೂರಿಸಿ ಬಾಗಿಲ ಮೇಲೆ ಆಡಿಸಿದರು, ನಿಂತರು, ಇನ್ನೊಮ್ಮೆ ಆಡಿಸಿದರು. "ಅರೆ! ಗಾಜಿನ ಹಂಗಿದೆಯಲ್ಲ!" ಅಷ್ಟರಲ್ಲಿ ಅವರು ಬಾನೆಟ್ಟಿಗೆ ಬಂದರು.

"ಇದೇನಿದು ಗೀರು? ಇನ್ನೇನು, ಪೇಂಟಿಂಗಿಗೆ ಕೊಡಲೇಬೇಕು ಬಿಡು."

ನಾನು ಬಾಯಿ ತೆರೆದೆ. ಅಕ್ಕ ನನಗಿಂತ ಮೊದಲು ಮಾತಾಡಿದಳು.

"ಗೀರು ಹಾಕಿದ್ದು ನಾನು. ಅದು ಹಾಗೇ ಇರ್ಲಿ ರೀ. ಕಾರು ಹಸಿರೇ ಇರುತ್ತೆ."

ಭಾವ ಅವಳನ್ನೇ ನೋಡಿದರು. ಸಿಟ್ಟು ಬಂತೋ ನಗು ಬಂತೋ ನನಗೆ ಗೊತ್ತಾಗಲಿಲ್ಲ. ಜೇಬಿನಿಂದ ಫೋನು ತೆಗೆದು ಪೇಂಟರನ ನಂಬರು ಒತ್ತಿ ಅವಳ ಕಡೆ ಚಾಚಿದರು. "ಹಂಗಾದ್ರೆ ನೀನೇ ಹೇಳು."

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಫೋನು ಹಿಡಿದಳು. "ನಾಳೆ ಕಾರು ಬರಲ್ಲ ಕಣಪ್ಪ," ಅಂದಳು. ಆ ಕಡೆಯವನು ಯಾಕೆ ಅಂತ ಕೇಳಿರಬೇಕು.

"ಯಾಕಂದ್ರೆ ನಂಗೆ ಇಷ್ಟ ಇಲ್ಲ," ಅಂದಳು ಅಕ್ಕ.