ಅವಳ ಅಳತೆಯ ಅಡುಗೆ ಕಟ್ಟೆ

ಯಗಟಿ, ಪಂಚನಹಳ್ಳಿ, ಲಕ್ಕವಳ್ಳಿ ಎಂದು ಮೇಷ್ಟ್ರ ಕೆಲಸ ನನ್ನನ್ನು ಕರೆದೊಯ್ದ ಊರುಗಳಲ್ಲೆಲ್ಲ ನಾವು ಬಾಡಿಗೆ ಮನೆಯಲ್ಲೇ ಇದ್ದವರು. ಪ್ರತಿ ಮನೆಯ ಅಡುಗೆ ಕಟ್ಟೆಯನ್ನೂ ಯಾರೋ ಇನ್ಯಾರಿಗಾಗಿಯೋ ಕಟ್ಟಿಸಿರುತ್ತಿದ್ದರು. ನನ್ನ ಸಹಧರ್ಮಿಣಿ ಕುಳ್ಳಗಿನವಳು. ರಾಗಿಮುದ್ದೆ ತಿರುವಬೇಕಾದರೆ ಮೇಲಿನಿಂದ ಮೈಭಾರ ಬಿಡಬೇಕು. ಕಟ್ಟೆ ಎತ್ತರವಾದರೆ ಕೋಲಿಗೆ ಬಲ ಸಾಲದೆ ಹಿಟ್ಟು ಗಂಟಾಗುತ್ತದೆ. ಆದ್ದರಿಂದ ಅವಳು ತವರಿನಿಂದ ತಂದ ಹಲಸಿನ ಮಣೆಯನ್ನು ಒಲೆಯ ಮುಂದೆ ಹಾಕಿಕೊಂಡು, ಅದರ ಮೇಲೆ ನಿಂತೇ ಜೀವಮಾನವೆಲ್ಲ ಅಡುಗೆ ಮಾಡಿದಳು. ಮನೆ ಬದಲಾಯಿಸುವಾಗ ಮೊದಲು ನನ್ನ ಪೂಜೆಯ ಪೆಟ್ಟಿಗೆ, ಅದರ ಹಿಂದೆಯೇ ಆ ಮಣೆ ಗಾಡಿ ಹತ್ತುತ್ತಿದ್ದವು.

ಮಗ ಅಜ್ಜಂಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟ ಮೇಲೆ ನಾವೆಲ್ಲ ಅಲ್ಲಿಯೇ ನೆಲೆಸಿದೆವು. ಶಿವಕೃಪೆಯಿಂದ ಒಂದು ಸೈಟೂ ಆಯಿತು. ಮೇಸ್ತ್ರಿಯನ್ನು ಕರೆದು ಗೋಡೆ ಎಬ್ಬಿಸುವ ರೂಢಿ ಈಗ ಕಡಿಮೆಯಾಗಿದೆ. ಪಾಯದಿಂದ ಹಿಡಿದು ಬೀಗದ ಕೈ ಕೊಡುವವರೆಗೆ ಕಂಪನಿಯವರೇ ನೋಡಿಕೊಳ್ಳುತ್ತಾರೆ. ಯಾವ ಕಂಪನಿ ಎಂಬುದನ್ನು ನಿಶ್ಚಯಿಸಲು ಮಗ, ಸೊಸೆ, ನಾವಿಬ್ಬರು ಹೊರಟೆವು.

ಮೊದಲು ಕಡೂರಿಗೆ ಹೋದೆವು. ಅಲ್ಲಿಯ ಕಚೇರಿಯಲ್ಲಿ ಗೋಡೆಯಷ್ಟು ಅಗಲದ ಟೀವಿಯಲ್ಲಿ ಇನ್ನೂ ಹುಟ್ಟದ ನಮ್ಮ ಮನೆ ಗಿರಗಿರನೆ ತಿರುಗುತ್ತಿತ್ತು. ಮಗ ಕಣ್ಣೆವೆ ಇಕ್ಕದೆ ನೋಡಿದ. ನನ್ನವಳು ಮಾತ್ರ ಒಂದೇ ಪ್ರಶ್ನೆ ಕೇಳಿದಳು.

"ಅಡುಗೆ ಕಟ್ಟೆ ಎಷ್ಟ್ ಎತ್ತರ ಬತ್ತದಪ್ಪಾ?"

"ಸ್ಟ್ಯಾಂಡರ್ಡ್ ಹೈಟ್ ಅಮ್ಮಾ. ಎಲ್ಲರಿಗೂ ಒಂದೇ" ಎಂದ ಕಚೇರಿಯ ಹುಡುಗ.

ಹೊರಗೆ ಬಂದ ಮೇಲೆ ಅವಳು ನನ್ನ ತೋಳು ಜಗ್ಗಿದಳು. "ಎಲ್ಲಾರ್ಗೂ ಒಂದೇ ಇರೋದು ಬಸ್ಸಿನ ಸೀಟು ಕಣ್ರೀ. ಮನೆ ಅಲ್ಲ."

ಮರುವಾರ ತರೀಕೆರೆಗೆ ಹೋದೆವು. ಅಲ್ಲಿಯದು ಮೆಟ್ಟಿಲ ಮೇಲಿನ ಸಣ್ಣ ಕಚೇರಿ. ಇಂಜಿನಿಯರ್ ಒಬ್ಬ ಎಳೆಯ ಹೆಣ್ಣುಮಗಳು. ಅದೇ ಪ್ರಶ್ನೆ ಅವಳಿಗೂ ಎದುರಾಯಿತು. ಅವಳು ಟೇಪು ಹಿಡಿದು ಎದ್ದಳು.

"ಅಜ್ಜಿ, ಈಚೆ ಬನ್ನಿ. ಚಪ್ಪಲಿ ಬಿಟ್ಬಿಡಿ. ಮುದ್ದೆ ತಿರುವೋವಾಗ ಹೆಂಗ್ ನಿಂತ್ಕೊತೀರೋ ಹಂಗೆ ನಿಂತ್ಕೊಳಿ ನೋಡೋಣ."

ಇವಳು ನಾಚಿ ನನ್ನ ಮುಖ ನೋಡಿದಳು. ಆಮೇಲೆ ನನ್ನ ಕೈಯಲ್ಲಿದ್ದ ಕೊಡೆಯನ್ನೇ ಕಿತ್ತುಕೊಂಡು, ಅದನ್ನು ಮುದ್ದೆಕೋಲಿನಂತೆ ಹಿಡಿದು ನಿಂತಳು. ನೆಲದಿಂದ ಮೊಣಕೈವರೆಗೆ ಟೇಪು ಏರಿತು.

"ಅಕ್ಕಾ, ಈ ಎತ್ತರ ಇಟ್ರೆ ನಿಮ್ಗೆ ಬಗ್ಬೇಕಾಗತ್ತಲ್ಲ?" ಎಂದು ಇಂಜಿನಿಯರ್ ಸೊಸೆಯನ್ನು ಕೇಳಿದಳು. ನನ್ನ ಸೊಸೆ ಬಾಗಿಲ ಮೇಲಿನ ತೋರಣವನ್ನು ತುದಿಗಾಲಲ್ಲಿ ನಿಲ್ಲದೆಯೇ ಕಟ್ಟುವಷ್ಟು ಎತ್ತರದವಳು.

"ಬಗ್ತೀನಿ ಬಿಡಿ. ಇಷ್ಟು ವರ್ಷ ನಮ್ಮತ್ತೆ ಮಣೆ ಹತ್ಲಿಲ್ವಾ?" ಎಂದಳು ಅವಳು.

"ಬಗ್ಲಿ ಬಗ್ಲಿ. ಅಟ್ಟದ ಡಬ್ಬಿ ಇಳಿಸ್ಲಿ ಅಂತಾನೇ ಉದ್ದದ್ ಸೊಸೆ ತಂದಿದ್ದು. ಅದೂ ಮಾಡ್ಲಿ, ಇದೂ ಮಾಡ್ಲಿ" ಎಂದು ಇವಳು ಕೊಡೆಯನ್ನು ಆಡಿಸಿದಳು. ಎಲ್ಲರೂ ನಕ್ಕೆವು.

ಹಿಂದಿರುಗುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಅವಳು ಹೇಳಿದಳು: "ನಂಗೆ ಇವ್ರೇ ಇರ್ಲಿ ಕಣ್ರೀ. ಬಳೆಗಾರನ್ನ ಬಿಟ್ರೆ ನನ್ ಅಳತೆ ಕೇಳ್ದೋಳು ಇವ್ಳೊಬ್ಳೇ."

"ಮಣೆ ಏನ್ಮಾಡ್ತೀಯೇ?"

"ನೀವ್ ಇಟ್ಕೊಳಿ, ಪೂಜೆಗೆ ಕೂತ್ಕೊಳಕ್ಕೆ. ನಂಗ್ ಸಾಕು ಅದರ ಸಾವಾಸ."

ಕಂಪನಿಯೊಡನೆ ಕರಾರು ಇನ್ನೂ ಆಗಿರಲಿಲ್ಲ. ಒಂದು ಬೆಳಿಗ್ಗೆ ವಿಭೂತಿ ಧರಿಸಿ ಪೂಜೆಗೆ ಕುಳಿತವಳು ಗೋಡೆಗೆ ಒರಗಿದಳು. ಕಾಫಿ ತಂದ ಸೊಸೆ ಎರಡು ಸಲ ಕರೆದಳು. ವೈದ್ಯರು ಬರುವ ಮೊದಲೇ ಅವಳು ಲಿಂಗೈಕ್ಯಳಾಗಿದ್ದಳು.

ನಮ್ಮ ಮನೆತನದಲ್ಲಿ ಸಮಾಧಿಯನ್ನು ಕಣ್ಣಳತೆಯಲ್ಲಿ ತೋಡುವುದಿಲ್ಲ. ಹೋದವರ ಪಾದವೇ ಅದಕ್ಕೆ ಮಾನ. ಮಠದ ಅಯ್ಯನವರು ಬಂದು ಅವಳ ಅಂಗಾಲಿನುದ್ದಕ್ಕೆ ದಾರ ಹಿಡಿದು, ಆ ದಾರದ ಲೆಕ್ಕದಲ್ಲಿ ನನ್ನ ಹುಟ್ಟೂರಿನ ನಮ್ಮ ಹೊಲದಲ್ಲಿ ನೆಲವನ್ನು ಗುರುತು ಮಾಡಿದರು. ಬರೀ ಚೋಟುದ್ದದ ದಾರವದು. ಅವಳನ್ನು ಆ ಗುಣಿಯೊಳಗೆ ಕುಳ್ಳಿರಿಸಿ, ಎಡಗೈಯಲ್ಲಿ ಅವಳ ಇಷ್ಟಲಿಂಗವನ್ನಿಟ್ಟು, ಬಿಲ್ವಪತ್ರೆ ವಿಭೂತಿಗಳಿಂದ ಮುಚ್ಚಿದೆವು. ಅವಳ ಅಳತೆಗೆಂದೇ ಸಿದ್ಧವಾದ ಮೊದಲ ಮನೆ ಅದು. ಅಂದು ಸಂಜೆ ನನ್ನ ಲಿಂಗವನ್ನು ಅಂಗೈಯಲ್ಲಿ ಹಿಡಿದು ಕುಳಿತೆ. ಮಂತ್ರ ನೆನಪಾಗಲಿಲ್ಲ. ಪರಮೇಶ್ವರನನ್ನು ಏನನ್ನೂ ಕೇಳಲೂ ಇಲ್ಲ. ಸುಮ್ಮನೆ ನೋಡುತ್ತಿದ್ದೆ.

ಕ್ರಿಯಾಕರ್ಮಗಳು ಮುಗಿದು ಕೆಲವು ವಾರಗಳಾದ ಬಳಿಕ ಮಗ ಮೆಲ್ಲನೆ ಮಾತು ತೆಗೆದ. "ಅಪ್ಪಾ, ಕಡೂರಿನವ್ರು ಬೇಗ ಮುಗಿಸ್ಕೊಡ್ತಾರಂತೆ. ಇನ್ನು ಯಾರಾದ್ರೇನು?"

"ತರೀಕೆರೆಯವರೇ" ಎಂದೆ.

ಆ ಇಂಜಿನಿಯರ್ ಹುಡುಗಿ ನಕ್ಷೆ ಹಿಡಿದುಕೊಂಡು ನಮ್ಮ ಬಾಡಿಗೆ ಮನೆಗೇ ಬಂದಳು. ಅವಳಿಗೆ ಸುದ್ದಿ ತಿಳಿದಿರಲಿಲ್ಲ. ಹೊಸಿಲು ದಾಟುತ್ತಲೇ, "ಅಜ್ಜಿ ಎಲ್ಲಿ ಮೇಷ್ಟ್ರೇ? ಅವ್ರ ಕಟ್ಟೆ ತೋರಿಸ್ಬೇಕು" ಎಂದಳು. ಅಷ್ಟರಲ್ಲೇ ಅವಳ ದೃಷ್ಟಿ ಗೋಡೆಯ ಪಟಕ್ಕೂ ಅದರ ಮೇಲಿನ ಹಾರಕ್ಕೂ ಹೋಯಿತು. ಬಿಚ್ಚುತ್ತಿದ್ದ ನಕ್ಷೆಯನ್ನು ಹಾಗೆಯೇ ಸುತ್ತಿ ಮಡಿಲಲ್ಲಿಟ್ಟುಕೊಂಡು ಕುಳಿತುಬಿಟ್ಟಳು.

ನಾನೇ ಹೇಳಬೇಕಾಯಿತು. "ಟೇಪು ತೆಗಿಯಮ್ಮ. ನನ್ನ ಸೊಸೆ ಅಳತೆ ತಗೋ."

"ಬ್ಯಾಡ ಮಾವ" ಎಂದಳು ಸೊಸೆ. "ಅತ್ತೆ ಅಳತೆಗೇ ಇರ್ಲಿ. ಬಗ್ತೀನಿ ಅಂದಿದ್ನಲ್ಲ."

"ಮನೆ ಕಟ್ಟೋದು ಇರೋರಿಗೆ ಕಣಮ್ಮ."

ಆ ಮಾತು ನನ್ನ ಬಾಯಿಂದ ಬಂದದ್ದು ಹೇಗೆಂದು ಇಂದಿಗೂ ತಿಳಿಯದು. ಸೊಸೆ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ನಿಂತಳು. ಮಣೆ ಇನ್ನೂ ಅಲ್ಲೇ ಗೋಡೆಗೆ ಒರಗಿತ್ತು. ಹುಡುಗಿ ಟೇಪಿನ ತುದಿಯನ್ನು ನೆಲಕ್ಕೆ ಒತ್ತಿ ಹಿಡಿದು ಮೇಲೆ ನೋಡಿದಳು, ಹಾಗೆಯೇ ನನ್ನ ಕಡೆಗೂ ನೋಡಿದಳು. ಆಗ ನನಗೂ ಕಂಡಿತು. ಸೊಸೆ ಸೀರೆಯ ನೆರಿಗೆಯೊಳಗೆ ಮೊಣಕಾಲು ಮಡಿಸಿ, ಹೆಗಲು ಇಳಿಬಿಟ್ಟು, ತನ್ನ ಅತ್ತೆಯಷ್ಟೇ ಕುಳ್ಳಗಾಗಿ ನಿಂತಿದ್ದಳು.

"ನೆಟ್ಟಗೆ ನಿಂತ್ಕೊಳಮ್ಮ" ಎಂದೆ.

ಅವಳು ನಿಲ್ಲಲಿಲ್ಲ. ಮತ್ತೊಮ್ಮೆ ಹೇಳಿದೆ. ಅವಳ ಕಣ್ಣೀರು ಒಲೆಯ ಕಟ್ಟೆಯ ಮೇಲೆ ಬಿತ್ತು. ಆಮೇಲೆ ಮೆಲ್ಲಗೆ ನೆಟ್ಟಗಾದಳು. ಟೇಪು ಮೇಲಕ್ಕೆ ಹೋಯಿತು.