ಸೆಮ್ಮಲೈಯ ಲಾರಿಗೆ ಹಾಕಿದ ದೀಪ

ನಾಮಕ್ಕಲ್ಲಿನಲ್ಲಿ ಲಾರಿಗೆ ದೀಪ ಹಾಕುವವರಿಗೆ ಬರವಿಲ್ಲ. ಪರಮತ್ತಿ ರಸ್ತೆಯ ಉದ್ದಕ್ಕೂ ಅವರದೇ ಶೆಡ್ಡುಗಳು. ಆದರೆ ಬೈಸಿಕೊಂಡು ದೀಪ ಹಾಕಿಸಿಕೊಳ್ಳಬೇಕೆಂದರೆ ಏಕಾಂಬರಂನ ಶೆಡ್ಡಿಗೇ ಹೋಗಬೇಕಿತ್ತು. ಲಾರಿಯವರಿಗೆ ಬಂಪರಿನ ಮೇಲೊಂದು ಎಲ್‌ಇಡಿ ಪಟ್ಟಿ, ಕ್ಯಾಬಿನ್ನಿನ ನೆತ್ತಿಗೆ ಇನ್ನೊಂದು ಬೇಕು. ಜೀಪಿನವರಿಗೆ ಅದೂ ಸಾಲದು, ಎದುರಿನವನ ಕಣ್ಣು ಕುಕ್ಕಿದರೇ ಅವರಿಗೆ ಸಮಾಧಾನ. "ಲೋಡಿಗೆ ಹೋಗ್ತೀಯೋ, ಮದುವೆ ಮೆರವಣಿಗೆಗೋ?" ಎಂದು ಗೊಣಗುತ್ತಲೇ ಏಕಾಂಬರಂ ಪ್ರತಿ ಪಟ್ಟಿಯನ್ನೂ ನೆಲ ನೋಡುವಂತೆ ಬಗ್ಗಿಸಿ ಬೋಲ್ಟು ಬಿಗಿಯುತ್ತಿದ್ದ. ಎದುರಿಗೆ ಬರುವವನಿಗೂ ಹೆಂಡತಿ ಮಕ್ಕಳಿರುತ್ತಾರೆ ಎನ್ನುವುದು ಅವನ ವಾದ.

ಅವನದು ಇನ್ನೊಂದು ಪಟ್ಟು. ಕೆಲಸ ಮುಗಿದ ಮೇಲೆ ಡ್ರೈವರನ್ನು ಸೀಟಿನಲ್ಲಿ ಕೂರಿಸಿ, ಹೆಡ್‌ಲೈಟು ಹಾಕು, ಇಂಡಿಕೇಟರ್ ಹಾಕು, ಬ್ರೇಕ್ ಒತ್ತು ಎನ್ನುತ್ತ ಗಾಡಿಗೆ ಪೂರ್ತಿ ಒಂದು ಸುತ್ತು ಬರುತ್ತಿದ್ದ. ದೇವರ ಪ್ರದಕ್ಷಿಣೆ ತಪ್ಪಿಸಿದರೂ ಈ ಪ್ರದಕ್ಷಿಣೆ ತಪ್ಪಿಸುವವರಲ್ಲ ಎಂದು ಹೆಂಡತಿ ಪೂಂಗೊಡಿ ಆಡಿಕೊಳ್ಳುತ್ತಿದ್ದಳು. ಅದು ತಪ್ಪಿದ್ದು ಒಂದು ಶುಕ್ರವಾರ.

ಅವತ್ತು ಸೆಮ್ಮಲೈಯ ಮಿನಿ ಲಾರಿಯ ಮೊದಲ ಓಟ. ಏಕಾಂಬರಂನ ಬೀದಿಯವನೇ ಆದ ಸೆಮ್ಮಲೈ ಇಷ್ಟು ವರ್ಷ ಯಾರ್ಯಾರದೋ ಲಾರಿ ಓಡಿಸಿ ಈಗ ಸ್ವಂತದ್ದು ಕೊಂಡಿದ್ದ. ಕೊಲ್ಲಿಮಲೆ ಹತ್ತಿ, ಹಲಸಿನಹಣ್ಣು ತುಂಬಿಕೊಂಡು ಕತ್ತಲಾಗುವ ಹೊತ್ತಿಗೆ ಇಳಿಯಬೇಕು. ಅದು ಎಪ್ಪತ್ತು ತಿರುವಿನ ಘಟ್ಟ. ಗಾಡಿಯ ಜೊತೆ ಬಂದ ದೀಪ ಸಾಲದೆಂದು ಎರಡು ದೊಡ್ಡ ಪಟ್ಟಿ ತಂದುಕೊಟ್ಟಿದ್ದ. ಶುಕ್ರವಾರ ಹತ್ತೂವರೆಗೆ ರಾಹುಕಾಲ. ಅದಕ್ಕೆ ಮೊದಲೇ ಗಾಡಿ ಹೊರಡಬೇಕೆಂದು ಅವನ ತಾಯಿ ಪಾವಾಯಿ ನಿಂಬೆಹಣ್ಣು, ಕರ್ಪೂರ ಹಿಡಿದು ಬೆಳಿಗ್ಗೆಯೇ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು.

ಇಂಥ ಪಟ್ಟಿಗಳಿಗೆ ಬ್ಯಾಟರಿಯಿಂದಲೇ ಬೇರೆ ತಂತಿ ಎಳೆಯಬೇಕು, ಆ ತಂತಿಗೆ ಅದರದೇ ಫ್ಯೂಸು ಇರಬೇಕು. ಬೆಳಕು ಎಲ್ಲಿ ಬೀಳುತ್ತದೆಂದು ಮೊದಲು ನೋಡಿಕೊಳ್ಳೋಣ ಎಂದು ಏಕಾಂಬರಂ ಸದ್ಯಕ್ಕೆ ಹೆಡ್‌ಲೈಟಿನ ತಂತಿಗೇ ಅವನ್ನು ಸಿಕ್ಕಿಸಿ, ಹಾಕಿ ಆರಿಸಲು ಬೇರೆ ಸ್ವಿಚ್ಚು ಇಟ್ಟಿದ್ದ. ಬಗ್ಗಿಸಿ ನೋಡಿದ್ದೂ ಆಯಿತು, ಬೋಲ್ಟು ಬಿಗಿದದ್ದೂ ಆಯಿತು. ಅಷ್ಟರಲ್ಲಿ ಪಾವಾಯಿ ಚಕ್ರಗಳಡಿ ನಿಂಬೆಹಣ್ಣು ಇಟ್ಟು ಕರ್ಪೂರ ಹಚ್ಚಿಬಿಟ್ಟಿದ್ದಳು.

"ಏನಪ್ಪಾ ಏಕಾಂಬರಂ, ರಾಹುನೂ ಹತ್ತಿಸಿಕೊಂಡೇ ಕಳಿಸ್ತೀಯಾ ನನ್ನ ಮಗನ್ನ?" ಎಂದಳು.

ಅವನು ಗಡಿಬಿಡಿಯಲ್ಲಿ ಮುಂದಿನ ಮುಚ್ಚಳ ಹಾಕಿದ. ಸೆಮ್ಮಲೈ ಗಾಡಿ ಬಿಟ್ಟ. ನಿಂಬೆಹಣ್ಣುಗಳು ಪಚಪಚನೆ ಒಡೆದವು. ಕೈ ಒರೆಸಿಕೊಳ್ಳಲು ಬಟ್ಟೆ ಹುಡುಕುತ್ತ ಏಕಾಂಬರಂ ಜೇಬು ಮುಟ್ಟಿಕೊಂಡ. ಹೊಸ ಫ್ಯೂಸು ಜೇಬಿನಲ್ಲೇ ಇತ್ತು, ಬೇರೆ ತಂತಿ ಎಳೆಯುವುದೇ ಮರೆತುಹೋಗಿತ್ತು.

ಅವನ ಕೈ ತಾನಾಗಿ ಮೇಲೆದ್ದಿತು, ಬಾಯಿಯೂ ತೆರೆಯಿತು. ಆದರೆ ನಿಂಬೆಹಣ್ಣು ಹಾಯ್ದು ಹೊರಟ ಗಾಡಿಯನ್ನು ಹಿಂದಿನಿಂದ ಕೂಗುವುದುಂಟೆ? ಅದೂ ಮೊದಲ ಓಟದಲ್ಲಿ, ಹೆತ್ತ ತಾಯಿ ಪಕ್ಕದಲ್ಲೇ ಕೈಮುಗಿದು ನಿಂತಿರುವಾಗ? ನಮ್ಮ ಜನಕ್ಕೆ ಅಪಶಕುನದ ಹೆದರಿಕೆ ಇರುವಷ್ಟು ಅಪಘಾತದ ಹೆದರಿಕೆ ಇಲ್ಲ. ಏಕಾಂಬರಂ ಕೈ ಇಳಿಸಿದ. ಲಾರಿ ತಿರುವಿನಲ್ಲಿ ಮರೆಯಾಯಿತು.

ಹಗಲು ಹೊತ್ತು ದೀಪ ಯಾಕೆ ಬೇಕು, ಆಮೇಲೆ ಫೋನ್ ಮಾಡಿ ಹೇಳಿದರಾಯಿತು ಎಂದು ತನಗೆ ತಾನೇ ಹೇಳಿಕೊಂಡ. ಮಧ್ಯಾಹ್ನ ಫೋನ್ ಮಾಡಿದರೆ ಗಂಟೆ ಬಾರಿಸಿತೇ ಹೊರತು ಯಾರೂ ಎತ್ತಲಿಲ್ಲ. ಆಮೇಲೆ ಸಂಪರ್ಕವೇ ಸಿಗಲಿಲ್ಲ. ಮಲೆಯ ಮೇಲೆ ಎಷ್ಟೋ ಕಡೆ ಹಾಗೆಯೇ. ಊಟಕ್ಕೆ ಕೂತ, ಕಲಸಿದ ಅನ್ನ ತಟ್ಟೆಯಲ್ಲೇ ಉಳಿಯಿತು. ಕತ್ತಲಲ್ಲಿ ಎರಡೂ ಪಟ್ಟಿ ಒಟ್ಟಿಗೆ ಹೊತ್ತಿಸಿದರೆ ಆ ಸಣ್ಣ ತಂತಿ ಸ್ವಲ್ಪ ಹೊತ್ತು ತಾಳೀತು. ಆಮೇಲೆ ಹೆಡ್‌ಲೈಟಿನ ಫ್ಯೂಸು ಹಾರಿ ಮುಂದಿನ ದೀಪವೆಲ್ಲ ಒಂದೇ ಸಲಕ್ಕೆ ಆರುತ್ತದೆ. ಹಿಂದೆ ಹಲಸಿನ ಭಾರ, ಮುಂದೆ ತಿರುವು. ಅದಕ್ಕಿಂತ ಮುಂದೆ ಯೋಚಿಸಲು ಅವನಿಗೆ ಧೈರ್ಯ ಸಾಲಲಿಲ್ಲ.

ಪೂಂಗೊಡಿ ಬಿಡದೆ ಕೇಳಿ ವಿಷಯ ಹೊರಡಿಸಿದಳು. ಕೇಳಿದವಳು ಮೊದಲು ತಟ್ಟೆ ಎತ್ತಿಟ್ಟಳು.

"ಊರಿಗೆಲ್ಲ ಬೈಯೋ ಬಾಯಿ, ಆವಾಗ ಎಲ್ಲಿ ಹೋಗಿತ್ತು?"

"ಪಾವಾಯಕ್ಕ ಪಕ್ಕದಲ್ಲೇ ಇದ್ಳು ಕಣೆ."

"ಈಗಲೂ ಇದ್ದಾಳೆ. ಮಗ ಬರ್ತಾನೆ ಅಂತ ಕೋಳಿ ಸಾರು ಮಾಡ್ತಾ ಇದ್ದಾಳೆ, ವಾಸನೆ ಬರ್ತಿದೆ ನೋಡಿ."

ಏಕಾಂಬರಂ ಕೈ ತೊಳೆದು ಎದ್ದ. ತಂತಿಯ ಸುರುಳಿ, ಕಟಿಂಗ್ ಪ್ಲೇಯರು ಚೀಲಕ್ಕೆ ಹಾಕಿಕೊಂಡು ಮೊಪೆಡ್ ಹತ್ತಿದ.

ಘಟ್ಟದ ಬುಡದ ಕಾರವಳ್ಳಿ ತಲುಪುವಾಗ ಹೊತ್ತು ಇಳಿದಿತ್ತು. ಚಹಾ ಅಂಗಡಿಯಲ್ಲಿ ವಿಚಾರಿಸಿದ. ಹೊಸ ಮಿನಿ ಲಾರಿ ಮೇಲೆ ಹೋದದ್ದನ್ನು ಕಂಡವರಿದ್ದರು, ಇಳಿದದ್ದನ್ನು ಕಂಡವರಿರಲಿಲ್ಲ. ಮೊಪೆಡ್ಡು ತಿಣುಕುತ್ತ ಹತ್ತತೊಡಗಿತು. ಪ್ರತಿ ತಿರುವಿನಲ್ಲೂ ಅವನ ಕಣ್ಣು ಮೊದಲು ತಡೆಗೋಡೆಯ ಮೇಲೆ ಬೀಳುತ್ತಿತ್ತು, ಎಲ್ಲಾದರೂ ಹೊಸದಾಗಿ ಮುರಿದಿದೆಯೋ ಎಂದು. ಒಂದು ಕಡೆ ಮುರಿದೇ ಇತ್ತು. ಗಾಡಿ ನಿಲ್ಲಿಸಿ ಹೋಗಿ ಮುಟ್ಟಿ ನೋಡಿದ. ಮುರಿದ ಕಲ್ಲಿನ ಮೇಲೆ ಪಾಚಿ ಬೆಳೆದಿತ್ತು. ಅವನು ಅಲ್ಲೇ ಕುಕ್ಕರಿಸಿ ಕೂತು ಅತ್ತುಬಿಟ್ಟ.

ಕತ್ತಲಾಯಿತು. ಇನ್ನಷ್ಟು ತಿರುವು ಹತ್ತಿದ ಮೇಲೆ, ಮೇಲಿನಿಂದ ಒಂದು ಲಾರಿ ಆಮೆಯಂತೆ ಇಳಿದು ಬರುವುದು ಕಾಣಿಸಿತು. ಎರಡೇ ಎರಡು ಮಂಕು ಹಳದಿ ದೀಪ. ಬಂಪರಿನ ಮೇಲೆ, ನೆತ್ತಿಯ ಮೇಲೆ ಬರೀ ಕತ್ತಲೆ. ಏಕಾಂಬರಂ ಮೊಪೆಡ್ ಬದಿಗೆಸೆದು, ರಸ್ತೆಯ ನಡುವೆ ನಿಂತು ಎರಡೂ ಕೈ ಆಡಿಸಿದ.

ಸೆಮ್ಮಲೈ ಲಾರಿ ನಿಲ್ಲಿಸಿ ಇಳಿದ. ಏಕಾಂಬರಂ ಮೊದಲು ಅವನ ತೋಳು ಮುಟ್ಟಿ ನೋಡಿದ, ಆಮೇಲೆ ಕೇಳಿದ, "ಪಟ್ಟಿ ಹಾಕಿದ್ಯೇನೋ?"

"ಇಲ್ಲ ಮಾಮಾ."

"ಒಂದ್ಸಲವೂ?"

"ಹೊರಡುವಾಗ ಕನ್ನಡೀಲಿ ನಿಮ್ಮನ್ನ ನೋಡಿದೆ. ಕೈ ಎತ್ತಿದ್ರಿ, ಇಳಿಸಿಬಿಟ್ರಿ. ಏನೋ ಉಳಿದಿದೆ ಅನ್ನಿಸ್ತು, ಅದಕ್ಕೇ ಪಟ್ಟಿ ಮುಟ್ಟಲಿಲ್ಲ." ಸೆಮ್ಮಲೈ ತಲೆ ತಗ್ಗಿಸಿದ. "ನಾನಾದ್ರೂ ನಿಲ್ಲಿಸ್ಬೇಕಿತ್ತು. ಅಮ್ಮ ನೋಡ್ತಾ ಇದ್ಳು."

ಒಂದು ನಿಂಬೆಹಣ್ಣಿಗೆ ಹೆದರಿ ಇಬ್ಬರು ಗಂಡಸರು ದಿನವಿಡೀ ಜೀವ ಕೈಯಲ್ಲಿ ಹಿಡಿದಿದ್ದರು. ಏಕಾಂಬರಂಗೆ ತನ್ನ ಮೇಲೆಯೇ ಕೋಪ ಬಂತು, ನಗುವೂ ಬಂತು. ಸೆಮ್ಮಲೈ ಮೊಬೈಲಿನ ಬೆಳಕು ಹಿಡಿದ. ಏಕಾಂಬರಂ ಮುಚ್ಚಳ ತೆಗೆದು, ಸಿಕ್ಕಿಸಿದ್ದ ತಂತಿ ಕಿತ್ತು, ಬ್ಯಾಟರಿಯಿಂದ ಬೇರೆ ತಂತಿ ಎಳೆದು, ಜೇಬಿನ ಫ್ಯೂಸನ್ನು ಅದರ ಜಾಗಕ್ಕೆ ಕೂರಿಸಿದ. ಪಟ್ಟಿಗಳು ಹೊತ್ತಿದವು. ಬೆಳಕು ರಸ್ತೆಯ ಮೇಲೆ ಚೆಲ್ಲಿತು, ಎದುರಿನವನ ಸೊಂಟಕ್ಕಿಂತ ಮೇಲೇರಲಿಲ್ಲ.

ಅಮ್ಮ ಕಾಯುತ್ತಿರುತ್ತಾಳೆ ಎಂದು ಸೆಮ್ಮಲೈ ಸೀಟು ಹತ್ತಿದ. ಲಾರಿ ಕದಲಿತು. ಅದರ ಹಿಂದೆ ನಿಂತಿದ್ದ ಏಕಾಂಬರಂ ಎದೆ ತುಂಬ ಉಸಿರೆಳೆದುಕೊಂಡು, ಘಟ್ಟಕ್ಕೆ ಘಟ್ಟವೇ ಕೇಳುವಂತೆ ಕೂಗಿದ.

"ಸೆಮ್ಮಲೈ, ನಿಲ್ಲೋ!"

ಲಾರಿ ಗಕ್ಕನೆ ನಿಂತಿತು. ಸೆಮ್ಮಲೈ ಗಾಬರಿಯಿಂದ ಕಿಟಕಿಯಾಚೆ ತಲೆ ಹಾಕಿದ. "ಏನಾಯ್ತು ಮಾಮಾ?"

"ಏನೂ ಆಗಿಲ್ಲ. ಬೆಳಿಗ್ಗೆ ಸುತ್ತು ಬರೋದು ಬಿಟ್ಟಿದ್ದೆ. ಇಂಡಿಕೇಟರ್ ಹಾಕು."

ಏಕಾಂಬರಂ ಹಲಸಿನ ಲಾರಿಯ ಬದಿ ಹಿಡಿದು ನಿಧಾನವಾಗಿ ನಡೆಯತೊಡಗಿದ.